ಬಾಲಿಗೆ ಹೊರಡುವ ಮುಹೂರ್ತ

ದೂರದ ನಾಡಿಗೆ ಪ್ರವಾಸ ಹೂಡುವವರು ಸಾಮಾನ್ಯವಾಗಿ ಮೊದಲು ಬಿಡಿಸುವುದು ಭೂಪಟವನ್ನು. ನೋಡತಕ್ಕ ಊರುಗಳಿಗೆಲ್ಲ ಗುರುತಿಟ್ಟು, ಒಂದರಿಂದ ಇನ್ನೊಂದಕ್ಕೆ ಎಷ್ಟು ತಾಸಿನ ದಾರಿಯೆಂದು ಲೆಕ್ಕಹಾಕಿ, ಕಡೆಗೆ ಕಚೇರಿಯಲ್ಲಿ ದೊರೆತಷ್ಟು ರಜೆಯೊಳಕ್ಕೆ ಆ ಲೆಕ್ಕವನ್ನು ಹೇಗೋ ಹೊಂದಿಸಿಬಿಡುವುದು ವಾಡಿಕೆಯಾಗಿದೆ. ಯೂರೋಪಿನ ಮಹಾನಗರಗಳಿಗೆ ಈ ಕ್ರಮ ಸಲ್ಲುತ್ತದೆ. ಅಲ್ಲಿಯ ಚಿತ್ರಶಾಲೆಗಳೂ ಅರಮನೆಗಳೂ ವಾರಕ್ಕೊಂದು ದಿನ ಬಾಗಿಲು ಹಾಕುವುದನ್ನು ಬಿಟ್ಟರೆ ವರ್ಷವಿಡೀ ಒಂದೇ ತೆರನಾಗಿ ಯಾತ್ರಿಕನಿಗೆ ತೆರೆದಿರುತ್ತವೆ. ಭೂಮಧ್ಯರೇಖೆಯಿಂದ ಎಂಟು ಅಕ್ಷಾಂಶ ದಕ್ಷಿಣಕ್ಕೆ, ಜಾವಾ ದ್ವೀಪದ ಪೂರ್ವದ ತುದಿಗೆ ಕಿರಿದಾದೊಂದು ಜಲಸಂಧಿಯಾಚೆ ಇರುವ ಬಾಲಿಗೆ ಮಾತ್ರ ಇದು ಸಲ್ಲದು. ಬಾಲಿಗೆ ಹೊರಡುವವನು ಮೊದಲು ದಿನವನ್ನು ಗೊತ್ತುಮಾಡಿಕೊಳ್ಳಬೇಕು, ಸ್ಥಳಗಳನ್ನು ಆಮೇಲೆ. ಹಾಗೆ ಮಾಡದವನಿಗೆ ಆ ದ್ವೀಪದಲ್ಲಿ ದೊರೆಯುವುದು ಕಡಲದಂಡೆ, ಕಾಫಿ ಮತ್ತು ಛಾಯಾಚಿತ್ರಗಳು.

ಬೆಂಗಳೂರಿನಿಂದ ದೆನ್ಪಸಾರಿಗೆ ನೇರ ವಿಮಾನ ಹಾರತೊಡಗಿದಂದಿನಿಂದ ಮಿತ್ರರನೇಕರು ಟ್ರಾವೆಲ್ಸ್‌ನವರು ಬರೆದುಕೊಟ್ಟ ‘ನಾಲ್ಕು ರಾತ್ರಿ, ಐದು ಹಗಲು’ಗಳ ಕಾರ್ಯಕ್ರಮವನ್ನು ಹಿಡಿದುಕೊಂಡು ಬಂದು ಅಭಿಪ್ರಾಯ ಕೇಳುವುದುಂಟು. ಆ ಪಟ್ಟಿಗಳೆಲ್ಲ ಒಂದೇ ಅಚ್ಚಿನವು: ಕುಟಾದ ಕಡಲತೀರ, ಉಬುದಿನ ಕಪಿವನ, ತಾನಾ ಲೋತಿನ ಸೂರ್ಯಾಸ್ತ, ಕಣಿವೆಯ ಮೇಲೆ ತೂಗುವ ಉಯ್ಯಾಲೆ, ಮತ್ತು ಲೆಂಪುಯಾಂಗ್ ದೇವಾಲಯದ ಸೀಳುಬಾಗಿಲ ನಡುವೆ ನಿಂತು ತೆಗೆಸಿಕೊಳ್ಳುವ ಒಂದು ಚಿತ್ರ. ಈ ಕೊನೆಯದರಲ್ಲಿ ಪಾದಗಳ ಕೆಳಗೆ ನಿಶ್ಚಲವಾದ ಸರೋವರವೊಂದು ಹೊಳೆಯುತ್ತಿರುತ್ತದೆ. ಬಾಗಿಲ ಮುಂದೆ ಸರೋವರವೇ ಇಲ್ಲ, ಛಾಯಾಗ್ರಾಹಕನು ಮೊಬೈಲಿನ ಅಡಿಗೆ ಹಿಡಿದ ಪುಟ್ಟ ಕನ್ನಡಿಯೇ ಆ ಜಲರಾಶಿ. ಇದಕ್ಕಾಗಿ ಜನ ತಾಸುಗಟ್ಟಲೆ ಸರದಿಯಲ್ಲಿ ನಿಲ್ಲುತ್ತಾರೆ. ನಿಲ್ಲುವವರನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಅಷ್ಟಕ್ಕಾಗಿ ಸಮುದ್ರ ದಾಟಬೇಕಾಗಿರಲಿಲ್ಲ.

ದಿನವೇ ಮುಖ್ಯವೆಂದು ಹಟಹಿಡಿಯುವುದಕ್ಕೆ ಕಾರಣ ಬಾಲಿಯ ದೇವಾಲಯಗಳ ರಚನೆಯಲ್ಲಿಯೇ ಇದೆ. ನಮ್ಮ ದೇಗುಲದಲ್ಲಿ ಗರ್ಭಗೃಹವಿದೆ, ಅದರೊಳಗೆ ಪ್ರತಿಷ್ಠಿತವಾದ ಮೂರ್ತಿಯಿದೆ, ನಿತ್ಯಪೂಜೆಯಿದೆ. ಬೇಲೂರಿಗೆ ಯಾವ ದಿನ ಹೋದರೂ ಚೆನ್ನಕೇಶವನು ಅಲ್ಲಿದ್ದಾನೆ. ಬಾಲಿಯ ‘ಪುರ’ಗಳು ಹಾಗಲ್ಲ. ನಡುವೆ ಸೀಳಿ ಎರಡು ಹೋಳಾಗಿ ನಿಲ್ಲಿಸಿದ ಗೋಪುರವೋ ಎನ್ನುವಂಥ ಹೆಬ್ಬಾಗಿಲನ್ನು ದಾಟಿ, ಒಂದರಾಚೆ ಒಂದಾದ ಅಂಗಳಗಳನ್ನು ಹಾದು, ಎಲ್ಲಕ್ಕಿಂತ ಒಳಗಿನ ಆವರಣಕ್ಕೆ ಬಂದರೆ ಕಾಣುವುದು ಕಪ್ಪುನಾರಿನ ಸೂರುಗಳನ್ನು ಒಂದರ ಮೇಲೊಂದು ಹೊತ್ತ, ಮೂರೋ ಐದೋ ಹೆಚ್ಚೆಂದರೆ ಹನ್ನೊಂದೋ ಅಂತಸ್ತುಗಳ ಮೇರುಗಳು, ಮತ್ತು ಕೂರ್ಮದ ಬೆನ್ನಿನಿಂದ ಮೇಲೆದ್ದ ಪದ್ಮಾಸನವೆಂಬ ಎತ್ತರದ ಶಿಲಾಪೀಠ; ಪೀಠದ ಮೇಲೆ ಯಾರೂ ಇಲ್ಲ. ದೇವತೆಗಳು ಅಲ್ಲಿ ನೆಲಸಿರುವುದಿಲ್ಲ, ಆಹ್ವಾನಿಸಿದಾಗ ಇಳಿದುಬರುತ್ತಾರೆ. ಹಾಗೆ ಇಳಿಯುವ ದಿನವೇ ಆ ಪುರದ ಒಡಾಲಾನ್, ಎಂದರೆ ವರ್ಧಂತಿಯ ಉತ್ಸವ. ಮಿಕ್ಕ ದಿನಗಳಲ್ಲಿ ಅದು ಲಗ್ನವಿಲ್ಲದ ದಿನದ ಕಲ್ಯಾಣಮಂಟಪ: ಕಂಬಗಳಿವೆ, ಕಸಗುಡಿಸುವವನಿದ್ದಾನೆ, ನಡೆಯಬೇಕಾದದ್ದು ನಡೆಯುತ್ತಿಲ್ಲ. ಒಡಾಲಾನಿನ ಸಂಜೆ ಅದೇ ಅಂಗಳದಲ್ಲಿ ಹಣ್ಣುಗಳನ್ನೂ ಅಕ್ಕಿಹಿಟ್ಟಿನ ಬಣ್ಣಬಣ್ಣದ ಕಜ್ಜಾಯಗಳನ್ನೂ ಶಿಖರಾಕಾರವಾಗಿ ಪೇರಿಸಿ ತಲೆಯ ಮೇಲಿಟ್ಟುಕೊಂಡು ಹೆಂಗಸರು ಸಾಲಾಗಿ ಬರುತ್ತಿರುತ್ತಾರೆ. ಒಂದು ಮೂಲೆಯಲ್ಲಿ ಗಾಮೆಲಾನ್ ವಾದ್ಯಮೇಳ, ಇನ್ನೊಂದು ಮೂಲೆಯಲ್ಲಿ ಪುರೋಹಿತನ ಘಂಟೆ ಮತ್ತು ಮಂತ್ರ, ನಡುವೆ ಮುಖವಾಡದ ಕುಣಿತ, ಇವೆಲ್ಲ ಏಕಕಾಲದಲ್ಲಿ, ಒಂದಕ್ಕೊಂದು ದಾರಿಬಿಡದೆ ಸಾಗುತ್ತವೆ. ಕಚೇರಿಯಲ್ಲಿ ಕುಳಿತು ಸಂಗೀತ ಕೇಳಿ ಅಭ್ಯಾಸವಾದ ಕಿವಿಗೆ ಇದು ಗದ್ದಲ. ಹೀಗೆ ಎಲ್ಲವೂ ತುಂಬಿ ತುಳುಕದಿದ್ದರೆ ಉತ್ಸವ ಕಳೆಗಟ್ಟಿತೆಂದು ಅಲ್ಲಿಯವರಿಗೆ ಅನ್ನಿಸುವುದೇ ಇಲ್ಲ.

ಒಡಾಲಾನ್ ಬಹುಮಟ್ಟಿನ ಪುರಗಳಲ್ಲಿ 210 ದಿನಗಳಿಗೊಮ್ಮೆ ಬರುತ್ತದೆ. ಈ 210 ದಿನಗಳ ಆವರ್ತಕ್ಕೆ ಪಾವುಕೊನ್ ಎಂದು ಹೆಸರು. ಅದು ಸೂರ್ಯನ ಗತಿಗೂ ಚಂದ್ರನ ಗತಿಗೂ ಅಧೀನವಲ್ಲದ ಶುದ್ಧವಾದ ಎಣಿಕೆ. ಏಳು ದಿನಗಳ ಮೂವತ್ತು ವಾರಗಳು, ಸಿಂತದಿಂದ ವಾತುಗುನುಂಗ್‌ವರೆಗೆ ಪ್ರತಿ ವಾರಕ್ಕೂ ಒಂದೊಂದು ಹೆಸರು. ಇಷ್ಟೇ ಆಗಿದ್ದರೆ ಸುಲಭವಾಗಿತ್ತು. ಇದರ ಜೊತೆಜೊತೆಗೇ ಏಕವಾರ, ದ್ವಿವಾರ, ತ್ರಿವಾರ ಮೊದಲ್ಗೊಂಡು ದಶವಾರದ ತನಕ ಹತ್ತು ಬಗೆಯ ವಾರಗಳು ಉರುಳುತ್ತಿರುತ್ತವೆ. ನಾಲ್ಕು, ಎಂಟು, ಒಂಬತ್ತು ದಿನಗಳ ವಾರಗಳು 210ಕ್ಕೆ ಸರಿಯಾಗಿ ಕೂಡಿಬಾರದುದರಿಂದ ನಡುವೆ ಕೆಲವು ದಿನಗಳನ್ನು ಮರುಕಳಿಸಿ ಲೆಕ್ಕವನ್ನು ಸರಿದೂಗಿಸುತ್ತಾರೆ. ಏಳರ ವಾರದ ಹೆಸರುಗಳು ಕನ್ನಡಿಗನಿಗೆ ಪರಿಚಿತವೇ: ರೆದಿತೆ, ಸೋಮ, ಅಂಗಾರ, ಬುದ, ರೆಸ್ಪತಿ, ಸುಕ್ರ, ಸನಿಸ್ಚರ. ಐದರ ವಾರದವು ಆ ನಾಡಿನವು: ಉಮನಿಸ್, ಪಾಯಿಂಗ್, ಪೋನ್, ವಾಗೆ, ಕ್ಲಿವೊನ್. ಬುಧವಾರವೂ ಕ್ಲಿವೊನ್ ದಿನವೂ ದುಂಗುಲಾನ್ ಎಂಬ ವಾರದಲ್ಲಿ ಕೂಡಿದಂದು ಗಲುಂಗಾನ್ ಹಬ್ಬ. ಅದರ ಹತ್ತನೆಯ ದಿನದ ಶನಿವಾರ ಕುನಿಂಗಾನ್. ಬಾಲಿಯ ಮನೆಯ ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನಲ್ಲಿ ಒಂದು ದಿನದ ಚೌಕವನ್ನು ಹತ್ತಿರದಿಂದ ನೋಡಬೇಕು. ದೊಡ್ಡ ಅಂಕಿಯ ಸುತ್ತ ಸಾಸಿವೆಯಷ್ಟು ಸಣ್ಣ ಅಕ್ಷರಗಳಲ್ಲಿ ಬಗೆಬಗೆಯ ವಾರಗಳ ಹೆಸರುಗಳು, ಶಕವರ್ಷದ ಮಾಸ, ಇಸ್ಲಾಮೀ ತಾರೀಖು, ಚೀನೀ ತಾರೀಖು. ಪುಟದ ಅಂಚಿನಲ್ಲಿ ಮನೆಗೆ ಬುನಾದಿ ಹಾಕುವುದಕ್ಕೆ, ಮೀನಿನ ಬಲೆ ಹೆಣೆಯುವುದಕ್ಕೆ, ಹರೆಯದವರ ಹಲ್ಲುಗಳನ್ನು ಅರದಿಂದ ಸಮಮಾಡುವ ಸಂಸ್ಕಾರಕ್ಕೆ ಯಾವ ಯಾವ ದಿನ ಶುಭವೆಂಬ ಪಟ್ಟಿ. ನಮ್ಮ ಒಂಟಿಕೊಪ್ಪಲ್ ಪಂಚಾಂಗವನ್ನು ಬಲ್ಲವನು ಇದರ ಮುಂದೆ ಕಂಗೆಡಬೇಕಾಗಿಲ್ಲ.

ಮೊದಲ ಸಲ ಹೊರಡುವವರಿಗೆ ಗಲುಂಗಾನಿಗೂ ಕುನಿಂಗಾನಿಗೂ ನಡುವಿನ ದಿನಗಳನ್ನೇ ನಾನು ಸೂಚಿಸುವುದು. ಪಿತೃಗಳು ಮನೆಗೆ ಬಂದು ಇದ್ದು ಹೋಗುವ ಕಾಲವದು. ಪ್ರತಿ ಮನೆಯ ಮುಂದೆಯೂ ತುದಿ ಬಾಗಿದ ಬಿದಿರಿನ ಗಳುವೊಂದನ್ನು ತೆಂಗಿನ ಎಳೆಗರಿ, ಭತ್ತದ ತೆನೆ, ಹಣ್ಣುಗಳಿಂದ ಸಿಂಗರಿಸಿ ನೆಟ್ಟಿರುತ್ತಾರೆ. ಹುಡುಗರ ದಂಡೊಂದು ಸಿಂಹಮುಖದ ಬಾರೊಂಗನ್ನು ಹೊತ್ತು ತಾಳ ತಟ್ಟುತ್ತ ಬೀದಿಬೀದಿ ತಿರುಗುತ್ತದೆ. ಗಲುಂಗಾನ್ 2026ರಲ್ಲಿ ಜೂನ್ 17ಕ್ಕೆ, 2027ರಲ್ಲಿ ಎರಡು ಬಾರಿ, ಜನವರಿ 13ಕ್ಕೂ ಆಗಸ್ಟ್ 11ಕ್ಕೂ ಬೀಳುತ್ತದೆ. ಜನವರಿಯೆಂದರೆ ಅಲ್ಲಿ ಮಳೆಗಾಲದ ನಡುಮಧ್ಯ. ಏಪ್ರಿಲಿನಿಂದ ಅಕ್ಟೋಬರಿನವರೆಗೆ ಒಣಹವೆ. ಆದಕಾರಣ ಜೂನ್, ಆಗಸ್ಟುಗಳ ಗಲುಂಗಾನೇ ಲೇಸು.

ಬಾಲಿಯವರ ಎರಡನೆಯ ಪಂಚಾಂಗ ನಮ್ಮದೇ ಶಾಲಿವಾಹನ ಶಕ. ಅದರ ವರ್ಷಾರಂಭಕ್ಕೆ ನ್ಯೆಪಿ ಎಂದು ಹೆಸರು, ಒಂಬತ್ತನೆಯ ಮಾಸದ ಅಮಾವಾಸ್ಯೆಯ ಮರುದಿನ. 2026ರಲ್ಲಿ ನ್ಯೆಪಿಯೂ ನಮ್ಮ ಚಾಂದ್ರಮಾನ ಯುಗಾದಿಯೂ ಮಾರ್ಚ್ 19ರಂದೇ, ಎರಡೆಡೆಯೂ ಶಕ 1948. 2025ರಲ್ಲಿ ಒಂದು ದಿನದ ಅಂತರವಿತ್ತು. 2024ರಲ್ಲಿಯಾದರೋ, ಅಧಿಕಮಾಸವನ್ನು ಸೇರಿಸುವ ಲೆಕ್ಕ ಎರಡು ಕಡೆ ಬೇರೆಬೇರೆಯಾದುದರಿಂದ, ನ್ಯೆಪಿ ಮಾರ್ಚ್ 11ಕ್ಕೆ ಮುಗಿದು ನಾವು ಬೇವುಬೆಲ್ಲ ತಿನ್ನಲು ಏಪ್ರಿಲ್ 9ರವರೆಗೆ ಕಾಯಬೇಕಾಯಿತು. ನಮ್ಮ ಯುಗಾದಿ ಹೋಳಿಗೆಯ ಹಬ್ಬ. ಅವರದು ಮೌನದ ವ್ರತ. ಬೆಂಕಿ ಹೊತ್ತಿಸುವಂತಿಲ್ಲ, ಕೆಲಸ ಮಾಡುವಂತಿಲ್ಲ, ಮನೆಬಿಟ್ಟು ಹೊರಡುವಂತಿಲ್ಲ, ವಿನೋದ ಸಲ್ಲದು. ಬೆಳಗಿನ ಆರರಿಂದ ಮರುದಿನ ಬೆಳಗಿನ ಆರರವರೆಗೆ ವಿಮಾನನಿಲ್ದಾಣವೂ ಮುಚ್ಚಿರುತ್ತದೆ. 2018ರಿಂದೀಚೆಗೆ ಮೊಬೈಲಿನ ಇಂಟರ್ನೆಟ್ಟನ್ನೂ ನಿಲ್ಲಿಸುತ್ತಾರೆ. ಕಪ್ಪುಬಿಳುಪಿನ ಚೌಕಳಿವಸ್ತ್ರ ಸುತ್ತಿಕೊಂಡ ಊರ ಕಾವಲುಗಾರರ ಹೊರತು ಬೀದಿಯಲ್ಲಿ ನರಪಿಳ್ಳೆಯಿರುವುದಿಲ್ಲ. ಪ್ರವಾಸಿಯೂ ವಸತಿಗೃಹದ ಆವರಣವನ್ನು ದಾಟುವಂತಿಲ್ಲ. ಹಣಕೊಟ್ಟು ಹೋಗಿ ಒಂದು ಹಗಲು ಒಂದು ರಾತ್ರಿ ಕೋಣೆಯಲ್ಲಿ ಕೂರುವುದೇ ಎಂದು ಕೇಳುವವರು ಆ ವಾರವನ್ನು ತಪ್ಪಿಸಿಕೊಳ್ಳುವುದೇ ಮೇಲು. ನನ್ನ ಎಣಿಕೆಯಲ್ಲಿ ಮಾತ್ರ ಅದೇ ಪರಮಾವಧಿ. ಹಿಂದಿನ ಸಂಜೆ ಓಣಿಯೋಣಿಯ ತರುಣರು ಕಾಗದ, ಬಿದಿರುಗಳಿಂದ ಕಟ್ಟಿದ ಓಗೊ-ಓಗೊ ಎಂಬ ರಾಕ್ಷಸಾಕೃತಿಗಳನ್ನು ಹೊತ್ತು ಕೇಕೆಹಾಕುತ್ತ ಮೆರೆಸುವುದನ್ನು ಕಂಡ ಕಣ್ಣಿಗೆ, ದೀಪವಿಲ್ಲದ ಇಡೀ ದ್ವೀಪದ ಮೇಲೆ ಅಮಾವಾಸ್ಯೆಯ ಬೆನ್ನಿನ ನಕ್ಷತ್ರಗಳು ತೋರುವ ಬಗೆಯನ್ನು ಬೇರೆ ಎಲ್ಲಿಯೂ ಕಾಣಲಾಗದು.

ದಿನದ ಆಯ್ಕೆಯನ್ನು ಆ ಜನ ಎಷ್ಟು ಗಂಭೀರವಾಗಿ ಎಣಿಸುತ್ತಾರೆಂಬುದಕ್ಕೆ ಇತಿಹಾಸದ ಒಂದು ನಿದರ್ಶನವುಂಟು. ಗುನುಂಗ್ ಅಗುಂಗ್ ಪರ್ವತದ ಮಗ್ಗುಲಿನಲ್ಲಿರುವ ಬೆಸಾಕಿಃ ಮಹಾದೇವಾಲಯದಲ್ಲಿ ಶಕವರ್ಷದ ಶತಮಾನಕ್ಕೊಮ್ಮೆ ನಡೆಯತಕ್ಕ ಏಕಾದಶರುದ್ರವೆಂಬ ಮಹಾಯಾಗವನ್ನು 1963ರಲ್ಲಿ, ಶತಮಾನ ತುಂಬುವುದಕ್ಕೆ ಬಹುಮೊದಲೇ, ಕೈಗೊಂಡರು. ಸಿದ್ಧತೆಗಳು ನಡೆಯುತ್ತಿರುವಾಗಲೇ ಪರ್ವತ ಹೊಗೆಯುಗುಳತೊಡಗಿತು. ಯಾಗ ಪೂರ್ತಿಯಾಗುವಷ್ಟರಲ್ಲಿ, ಮಾರ್ಚ್ 17ರಂದು, ಅದು ಸಿಡಿದು ಸಾವಿರಕ್ಕೂ ಮಿಕ್ಕ ಜನ ಅಸುನೀಗಿದರು. ಲಾವಾಪ್ರವಾಹ ದೇವಾಲಯವನ್ನು ಮುಟ್ಟದೆ ಪಕ್ಕದಲ್ಲಿ ಹರಿದುಹೋಯಿತು. ಕಾಲವಲ್ಲದ ಕಾಲದಲ್ಲಿ ಕರೆದುದರಿಂದ ದೇವತೆಗಳು ಕೋಪಗೊಂಡರೆಂದೇ ಹಲವರು ತಿಳಿದರು. ಶಕ 1900 ಮುಗಿಯುತ್ತ ಬಂದ 1979ರಲ್ಲಿ ಅದೇ ಯಾಗವನ್ನು ಮತ್ತೊಮ್ಮೆ, ಈ ಸಲ ತಕ್ಕ ಕಾಲದಲ್ಲಿ, ನೆರವೇರಿಸಿದರು, ಪರ್ವತ ಸುಮ್ಮನಿತ್ತು.

ಭಕ್ತಿಯನ್ನು ಪಕ್ಕಕ್ಕಿಟ್ಟು ಲೌಕಿಕವಾಗಿ ನೋಡಿದರೂ ಈ ಪಂಚಾಂಗಕ್ಕೆ ಬೆಲೆಯಿದೆ. ಜತಿಲುವಿಹಿನ ಮೆಟ್ಟಿಲುಗದ್ದೆಗಳನ್ನು ಎಲ್ಲರೂ ನೋಡಿಬರುತ್ತಾರೆ; ಆ ಗದ್ದೆಗಳಿಗೆ ನೀರು ಬರುವ ಬಗೆಯನ್ನು ನಿಂತು ನೋಡುವವರು ಕಡಮೆ. ಒಂದೇ ಕಾಲುವೆಯ ನೀರನ್ನು ಬಳಸುವ ಬೇಸಾಯಗಾರರ ಕೂಟಕ್ಕೆ ಸುಬಾಕ್ ಎಂದು ಹೆಸರು. ಕಾಲುವೆಗೆ ಅಡ್ಡಲಾಗಿ ಇಟ್ಟ ಮರದ ದಿಮ್ಮಿಯಲ್ಲಿ ಅಳತೆಗೆ ತಕ್ಕಂತೆ ಕಚ್ಚುಗಳನ್ನು ಕೊರೆದಿರುತ್ತಾರೆ. ಅಗಲವಾದ ಕಚ್ಚಿನಿಂದ ಹಿರಿಯ ಪಾಲು, ಕಿರಿದಾದುದರಿಂದ ಕಿರಿಯ ಪಾಲು, ಕಾಲುವೆ ತುಂಬಿದ್ದರೂ ಬತ್ತಿದ್ದರೂ ಪ್ರಮಾಣ ಒಂದೇ. ಯಾವ ಸುಬಾಕ್ ಎಂದು ನಾಟಿಮಾಡಬೇಕು, ಎಂದು ಗದ್ದೆಯನ್ನು ಪಾಳುಬಿಡಬೇಕು ಎಂಬುದನ್ನು ಜಲದೇವಾಲಯಗಳಲ್ಲಿ ಕೂಡಿ ನಿರ್ಣಯಿಸುತ್ತಾರೆ. ಬಾತೂರ್ ಸರೋವರದ ದೇವಿಯ ಆಲಯ ಇವೆಲ್ಲಕ್ಕೂ ಮೇಲಿನದು. ನೆರೆಹೊರೆಯ ಗದ್ದೆಗಳೆಲ್ಲ ಒಟ್ಟಿಗೆ ಬರಿದಾಗಿ ನೀರುನಿಂತರೆ ಪೈರಿನ ಹುಳುಗಳಿಗೆ ಆಸರೆ ತಪ್ಪುತ್ತದೆ. 1970ರ ದಶಕದಲ್ಲಿ ಹಸಿರು ಕ್ರಾಂತಿಯ ಅಧಿಕಾರಿಗಳು ಈ ಸರದಿಯನ್ನು ಬದಿಗಿರಿಸಿ, ಹೊಸ ತಳಿಯ ಬತ್ತವನ್ನು ಸಾಧ್ಯವಾದಷ್ಟು ಬಾರಿ ಬೆಳೆಯಿರೆಂದು ರೈತರನ್ನು ಹುರಿದುಂಬಿಸಿದರು; ಕೆಲವೇ ವರ್ಷಗಳಲ್ಲಿ ನೀರಿನ ಜಗಳವೂ ಕಂದು ಜಿಗಿಹುಳುವಿನ ಹಾವಳಿಯೂ ಒಟ್ಟಿಗೆ ಬಂದವು. ಪೂಜಾರಿಗಳ ಲೆಕ್ಕದಲ್ಲಿ ಎಷ್ಟು ವಿವೇಕವಿತ್ತೆಂಬುದನ್ನು ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಗಣಕಯಂತ್ರದ ನೆರವಿನಿಂದ ತೋರಿಸಿದರು. 2012ರಲ್ಲಿ ಯುನೆಸ್ಕೊ ಈ ಸುಬಾಕ್ ಭೂಭಾಗಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ರಸಿಕನಾದವನು ಇಷ್ಟರಿಂದ ತೃಪ್ತನಾಗದೆ ಸಣ್ಣ ಹಬ್ಬಗಳ ಕಡೆಗೂ ಕಣ್ಣಿಡಬೇಕು. ಮೂವತ್ತೈದು ದಿನಗಳಿಗೊಮ್ಮೆ ಶನಿವಾರವೂ ಕ್ಲಿವೊನ್ ದಿನವೂ ಕೂಡುವುದಕ್ಕೆ ತುಂಪೆಕ್ ಎನ್ನುತ್ತಾರೆ. ಒಂದು ತುಂಪೆಕ್ ಮರಗಿಡಗಳಿಗೆ, ಒಂದು ಪಶುಗಳಿಗೆ, ಒಂದು ಲೋಹದ ಆಯುಧಗಳಿಗೆ. ಈ ಕೊನೆಯದರಲ್ಲಿ ಕಠಾರಿಗಳ ಜೊತೆಗೆ ಮೋಟಾರ್‌ಸೈಕಲ್ಲುಗಳಿಗೂ ಪೂಜೆ ಸಲ್ಲುವುದನ್ನು ಕಂಡು ನಮ್ಮ ಆಯುಧಪೂಜೆಯನ್ನು ನೆನೆಯದ ಕನ್ನಡಿಗನಿರಲಾರ. ತುಂಪೆಕ್ ವಾಯಂಗ್ ತೊಗಲುಗೊಂಬೆಗಳದು. ಆ ವಾರದಲ್ಲಿ ಹುಟ್ಟಿದ ಮಗುವಿನ ದೋಷ ಪರಿಹಾರವಾಗಬೇಕಾದರೆ ವಿಶೇಷವಾದೊಂದು ಗೊಂಬೆಯಾಟವನ್ನು ಆಡಿಸಬೇಕೆಂಬ ನಂಬಿಕೆಯಿರುವುದರಿಂದ ಆ ಕಾಲದಲ್ಲಿ ಆಟಗಳಿಗೆ ಬರವಿಲ್ಲ. ಪರದೆಯ ಹಿಂದೆ ತೂಗುವ ಕೊಬ್ಬರಿಯೆಣ್ಣೆಯ ದೀಪ, ಅದರ ಮುಂದೆ ದಲಾಂಗ್ ಎನಿಸಿಕೊಳ್ಳುವ ಸೂತ್ರಧಾರ. ಎರಡು ಕೈಗಳಲ್ಲಿಯೂ ಗೊಂಬೆಗಳಿರುವುದರಿಂದ ಅವನು ಬಲಗಾಲಿನ ಬೆರಳುಗಳ ನಡುವೆ ಮರದ ಕೊಡತಿಯೊಂದನ್ನು ಸಿಕ್ಕಿಸಿಕೊಂಡು, ಗೊಂಬೆಯ ಪೆಟ್ಟಿಗೆಗೆ ಬಡಿದು ಹಿಮ್ಮೇಳಕ್ಕೆ ಸನ್ನೆ ಕೊಡುತ್ತಾನೆ. ನಮ್ಮ ಕಿಳ್ಳೇಕ್ಯಾತರ ಗೊಂಬೆಗಳು ಬೆಳಕನ್ನು ಒಳಗೊಂಡು ಬಣ್ಣವಾಗಿ ಹೊಳೆಯುತ್ತವೆ. ಅಲ್ಲಿಯವು ಕರಿಯ ನೆರಳು, ಕೆತ್ತನೆಯ ರಂಧ್ರಗಳಲ್ಲಿ ಮಾತ್ರ ಬೆಳಕು. ಅರ್ಜುನ, ಭೀಮರು ಹಳೆಯ ಕವಿಭಾಷೆಯಲ್ಲಿ ಮಾತನಾಡುತ್ತಾರೆ. ಇಂದಿನ ಸಭಿಕರಿಗೆ ಅದು ತಿಳಿಯದಾದುದರಿಂದ ತ್ವಾಲೆನ್, ಮೆರ್ದಃ ಎಂಬ ಸೇವಕರು ಆಡುಮಾತಿನಲ್ಲಿ ಅದನ್ನು ತಿರುಗಿಸಿ, ಯಕ್ಷಗಾನದ ಹಾಸ್ಯಗಾರರ ಧಾಟಿಯಲ್ಲಿ, ತಮ್ಮ ಟೀಕೆಯನ್ನೂ ಸೇರಿಸುತ್ತಾರೆ. 2026ರಲ್ಲಿ ಅಕ್ಟೋಬರ್ 10ಕ್ಕೆ ಈ ತುಂಪೆಕ್; ಮೂರು ವಾರ ಕಳೆದು ಅಕ್ಟೋಬರ್ 31ರಂದು, ಆವರ್ತದ ಕಟ್ಟಕಡೆಯ ದಿನ, ಸರಸ್ವತಿಯ ಹಬ್ಬ. ಆ ದಿನ ತಾಳೆಗರಿಯ ಹೊತ್ತಗೆಗಳನ್ನು ಹೊರತೆಗೆದು ನೈವೇದ್ಯವಿಡುತ್ತಾರೆ. ಓದುವುದು ಬರೆಯುವುದು ನಿಷಿದ್ಧ. ನವರಾತ್ರಿಯಲ್ಲಿ ಪುಸ್ತಕಗಳನ್ನು ದೇವರ ಮುಂದಿಟ್ಟು ಓದಿನಿಂದ ಪಾರಾದ ಬಾಲ್ಯವುಳ್ಳವರಿಗೆ ಇದರ ಸೊಗಸನ್ನು ವಿವರಿಸಬೇಕಾಗಿಲ್ಲ. ಆ ಹೊತ್ತಗೆಗಳನ್ನು ಸಾವಕಾಶವಾಗಿ ನೋಡಬಯಸುವವರು ಉತ್ತರ ತೀರದ ಸಿಂಗರಾಜದಲ್ಲಿ 1928ರಲ್ಲಿ ಸ್ಥಾಪಿತವಾದ ಗೆದೊಂಗ್ ಕೀರ್ತ್ಯ ಭಂಡಾರಕ್ಕೆ ಬೇರೆ ದಿನ ಹೋಗತಕ್ಕದ್ದು. ಸಂಜೆಯ ಹೊತ್ತು ಹಳ್ಳಿಯ ಮಂಟಪದಲ್ಲಿ ಒಬ್ಬನು ಹಳೆಯ ಕಾವ್ಯದ ಸಾಲನ್ನು ರಾಗವಾಗಿ ಹಾಡಿ, ಇನ್ನೊಬ್ಬನು ಅದರ ಅರ್ಥವನ್ನು ಬಾಲಿಯ ನುಡಿಯಲ್ಲಿ ಬಿಡಿಸುತ್ತಿರುವುದು ಕೇಳಿಬಂದರೆ ಕನ್ನಡಿಗನು ಅಲ್ಲಿಯೇ ಕುಳಿತುಬಿಡಬೇಕು. ಗಮಕ, ವ್ಯಾಖ್ಯಾನಗಳ ಜೋಡಿ ನಮ್ಮದಷ್ಟೇ ಎಂಬ ಭಾವನೆ ಅಲ್ಲಿಗೆ ಸಡಿಲುತ್ತದೆ.

ಪಂಚಾಂಗದ ಹಂಗಿಲ್ಲದೆ ಯಾವ ದಿನವಾದರೂ ಹೋಗಬಹುದಾದ ಸ್ಥಳ ಬಾಲಿಯಲ್ಲಿ ಒಂದೂ ಇಲ್ಲವೆನ್ನಲಾರೆ. ಹಿಂದಿನ ಕ್ಲುಂಗ್‌ಕುಂಗ್ ಅರಸರ ನ್ಯಾಯಮಂಟಪವಾಗಿದ್ದ ಕೆರ್ತ ಗೋಸ ಅಂಥದು. ಕೊಳದ ಪಕ್ಕದ ಎತ್ತರದ ಜಗಲಿ, ಗೋಡೆಗಳಿಲ್ಲ, ಛಾವಣಿಯ ಒಳಮೈತುಂಬ ಕಮಾಸಾನ್ ಶೈಲಿಯ ಚಿತ್ರಗಳು. ನರಕದಲ್ಲಿ ಬಿದ್ದಿರುವ ತಂದೆ ಪಾಂಡುವನ್ನೂ ಮಾದ್ರಿಯನ್ನೂ ಬಿಡಿಸಿ ತರಲು ಭೀಮನು ಹೊರಟ ಕಥೆ ಅಲ್ಲಿದೆ. ದಾರಿಯುದ್ದಕ್ಕೂ ಪಾಪಿಗಳಿಗೆ ಯಮಭಟರು ವಿಧಿಸುವ ಶಿಕ್ಷೆಗಳನ್ನು, ಕೆಳಗೆ ನಿಂತ ಆಪಾದಿತನು ತಲೆಯೆತ್ತಿದೊಡನೆ ಕಾಣುವಂತೆ, ಸಾವಧಾನವಾಗಿ ಬರೆದಿದ್ದಾರೆ. ಯಾವ ಮಾಸದಲ್ಲಿ ಭೂಕಂಪವಾದರೆ ಏನು ಫಲವೆಂದು ತಿಳಿಸುವ ಸಾಲೂ ಒಂದಿದೆ. ಪಂಚಾಂಗದಿಂದ ಇಲ್ಲಿಯೂ ಪೂರ್ಣ ಬಿಡುಗಡೆಯಿಲ್ಲ. ಆದರೆ ಕನ್ನಡಿಗನು ಕತ್ತುನೋಯುವಷ್ಟು ಹೊತ್ತು ನೋಡಬೇಕಾದದ್ದು ಎಲ್ಲಕ್ಕಿಂತ ಕೆಳಗಿನ ಸಾಲನ್ನು. ತಂತ್ರಿಯೆಂಬ ಕನ್ಯೆ ರಾಜನಿಗೆ ಹೇಳಿದ ಪ್ರಾಣಿಕಥೆಗಳವು, ಪಂಚತಂತ್ರದ ಸಂತತಿ. ಪಂಚತಂತ್ರವೆಂದರೆ ಸಾಮಾನ್ಯವಾಗಿ ವಿಷ್ಣುಶರ್ಮನದು; ನಮ್ಮ ದುರ್ಗಸಿಂಹನು 11ನೆಯ ಶತಮಾನದಲ್ಲಿ, ಚಾಳುಕ್ಯ ಜಯಸಿಂಹನ ಆಳಿಕೆಯಲ್ಲಿ, ಚಂಪುವಾಗಿ ಕನ್ನಡಕ್ಕೆ ತಂದದ್ದು ವಸುಭಾಗಭಟ್ಟನ ಪಾಠವನ್ನು. ಆ ವಸುಭಾಗನ ಸಂಸ್ಕೃತ ಗ್ರಂಥ ಇಂದು ಉಳಿದಿಲ್ಲ. ಜಾವಾದ ತಂತ್ರಿಕಥೆಗಳು ಇದೇ ಶಾಖೆಗೆ ಸೇರಿದವೆಂಬುದನ್ನು ಎ. ವೆಂಕಟಸುಬ್ಬಯ್ಯನವರಂಥ ವಿದ್ವಾಂಸರು ದುರ್ಗಸಿಂಹನ ಕೃತಿಯೊಡನೆ ಹೋಲಿಸಿ ತೋರಿಸಿದರು. ಮೂಲ ಕಳೆದುಹೋದ ಮೇಲೆ ಒಂದು ಕವಲು ಕನ್ನಡದಲ್ಲಿ ಹಳಗನ್ನಡ ಚಂಪುವಾಗಿಯೂ ಇನ್ನೊಂದು ಈ ಜಗಲಿಯ ಸೂರಿನಲ್ಲಿ ಚಿತ್ರವಾಗಿಯೂ ಉಳಿದಿರುವುದನ್ನು ಟ್ರಾವೆಲ್ಸ್‌ನ ಯಾವ ಪಟ್ಟಿಯೂ ತಿಳಿಸುವುದಿಲ್ಲ. ಅರ್ಧ ಗಂಟೆಯ ನಿಲುಗಡೆಯೆಂದು ಬರೆದಿದ್ದರೆ ಅದನ್ನು ಹೊಡೆದುಹಾಕಿ ಒಂದು ಬೆಳಗೆಂದು ತಿದ್ದಿಸತಕ್ಕದ್ದು.

ಉಳಿದದ್ದು ಕೈಚೀಲದ ವಿಷಯ. ತಂಗುವುದಕ್ಕೆ ದಕ್ಷಿಣದ ಕಡಲತೀರಕ್ಕಿಂತ ಉಬುದಿನ ಆಸುಪಾಸಿನ ಹಳ್ಳಿಯ ಮನೆಗಳು ಲೇಸು. ಪಕ್ಕದ ಪುರದಲ್ಲಿ ಎಂದು ಒಡಾಲಾನ್ ಎಂಬ ವರ್ತಮಾನ ಮನೆಯೊಡತಿಗೆ ತಿಳಿದಿರುವಷ್ಟು ಯಾವ ಹೋಟೆಲಿನವರಿಗೂ ತಿಳಿದಿರದು. ಪುರದೊಳಕ್ಕೆ ಸೊಂಟಕ್ಕೆ ಸುತ್ತಿದ ವಸ್ತ್ರವೂ ಅದರ ಮೇಲೊಂದು ನಡುಪಟ್ಟಿಯೂ ಗಂಡಸು ಹೆಂಗಸರಿಬ್ಬರಿಗೂ ಕಡ್ಡಾಯ. ನಮ್ಮ ಪಂಚೆ ಇದಕ್ಕೆ ಚೆನ್ನಾಗಿ ಒದಗುತ್ತದೆ. ಶಾಕಾಹಾರಿಗಳು ಒಂದು ಮಾತನ್ನು ಮೊದಲೇ ತಿಳಿದಿರುವುದು ಒಳಿತು: ಹಿಂದೂಗಳ ನಾಡೆಂದ ಮಾತ್ರಕ್ಕೆ ಅಲ್ಲಿಯ ಹಬ್ಬದಡಿಗೆ ಸಸ್ಯಾಹಾರವಲ್ಲ, ಗಲುಂಗಾನಿನ ಮುನ್ನಾದಿನ ಹಂದಿ ಕೊಯ್ಯುವುದೇ ಸಂಪ್ರದಾಯ. ಸೋಯಾ ಅವರೆಯ ತೆಂಪೆ, ತೋಫು, ಬೇಯಿಸಿದ ಸೊಪ್ಪುಕಾಯಿಗಳಿಗೆ ತೆಂಗಿನತುರಿ ಬೆರೆಸಿದ ಉರಾಬ್, ಕಡಲೆಕಾಯಿಯ ಗೊಜ್ಜು ಹಾಕಿದ ಗಾದೊ-ಗಾದೊ, ಇಷ್ಟರಲ್ಲಿ ಹೊಟ್ಟೆ ಧಾರಾಳವಾಗಿ ತುಂಬುತ್ತದೆ. ಸಾಂಬಾಲ್ ಎಂಬ ಖಾರದ ಚಟ್ನಿಗೆ ಮಾತ್ರ ತೆರಾಸಿ, ಎಂದರೆ ಸಿಗಡಿಯ ಹುದುಗು, ಬೆರೆತಿರುವುದರಿಂದ ಅದಿಲ್ಲದೆ ಕೊಡಿರೆಂದು ಕೇಳಬೇಕು. ಹಬ್ಬದ ದಿನ ಅಂಗಡಿಯವರೂ ತಂತಮ್ಮ ಹುಟ್ಟೂರಿನ ಪುರಗಳಿಗೆ ಹೊರಟುಹೋಗುತ್ತಾರೆ. ಆದಕಾರಣ ಎರಡು ದಿನ ಮುಂಚಿತವಾಗಿಯೇ ಪೇಟೆಗೆ ಹೋಗಿ ಬಾಳೆಹಣ್ಣು, ಬ್ರೆಡ್ಡು, ನಾಲ್ಕಾರು ಸಾಲಾಕ್ ಹಣ್ಣುಗಳನ್ನು ತಂದಿಟ್ಟುಕೊಳ್ಳತಕ್ಕದ್ದು, ಮತ್ತು ಮನೆಯೊಡತಿಯನ್ನು ಕೇಳಿ ಬಿಸಿನೀರಿನ ಫ್ಲಾಸ್ಕೊಂದನ್ನು ಇಸಿದುಕೊಳ್ಳತಕ್ಕದ್ದು.